ಹಿಂದಿನ ಸೀಟಿನಲ್ಲಿ ಕೂತವನು

ಕೇಳುಗರೆಲ್ಲರಿಗೂ ನಮಸ್ಕಾರ.

ಸಿನಿಮಾದಲ್ಲಿ ಚಟದ ಬಗ್ಗೆ ಮಾತಾಡಿ ಅಂತ ರೇಡಿಯೋ ನಿಲಯದವರು ಫೋನ್ ಮಾಡಿದ್ದರು. ಆಗಲಿ, ಆದರೆ ಕುಡುಕನ ಸಿನಿಮಾ ಬೇಡ, ಕೊಲೆಗಾರನ ಸಿನಿಮಾ ತಗೊಳ್ತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಸಾರ್, ಸಂಜೆ ಹೊತ್ತು, ಮನೆಮಂದಿಯೆಲ್ಲ ಕೇಳ್ತಿರ್ತಾರೆ ಅಂದರು. ಹೆದರಬೇಡಿ, ರಕ್ತದ ಮಾತು ಆಡುವುದಿಲ್ಲ ಅಂತ ಮಾತು ಕೊಟ್ಟು ಬಂದಿದ್ದೇನೆ. ನೀವು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದರೆ ಹಾಗೇ ಕೇಳಿ. ಲಾರಿ ಓಡಿಸುತ್ತಾ ಕೇಳುತ್ತಿದ್ದರೂ ಸರಿ. ನಾನು ಹೇಳುವುದು ಒಂದೇ ಮಾತು. ಅದನ್ನೇ ನಾಲ್ಕು ಸಲ ಹೇಳುತ್ತೇನೆ.

ಆ ಮಾತು ಇದು: ಚಟ ನಮ್ಮದೇ ದನಿಯಲ್ಲಿ ಮಾತಾಡುತ್ತದೆ.

2007ರಲ್ಲಿ ಬಂದ ಅಮೆರಿಕದ ಸಿನಿಮಾ, ಹೆಸರು 'ಮಿಸ್ಟರ್ ಬ್ರೂಕ್ಸ್'. ನಿರ್ದೇಶಕ ಬ್ರೂಸ್ ಇವಾನ್ಸ್. ಪೋರ್ಟ್‌ಲ್ಯಾಂಡ್ ಅನ್ನುವ ಊರು. ಅಲ್ಲಿ ಅರ್ಲ್ ಬ್ರೂಕ್ಸ್ ಅಂತ ಒಬ್ಬ ದೊಡ್ಡ ಮನುಷ್ಯ. ಡಬ್ಬ ತಯಾರಿಸುವ ಕಂಪನಿಯ ಯಜಮಾನ. ಒಳ್ಳೆ ಹೆಂಡತಿ, ಒಬ್ಬಳೇ ಮಗಳು. ಸಿನಿಮಾ ಶುರುವಾಗುವ ರಾತ್ರಿ ಊರಿನವರು ಅವನಿಗೆ ವರ್ಷದ ವ್ಯಕ್ತಿ ಅಂತ ಸನ್ಮಾನ ಮಾಡುತ್ತಾರೆ. ಈ ಪಾತ್ರ ಕೆವಿನ್ ಕಾಸ್ಟ್ನರ್ ಅವರದು. ಇಂಥವನು ಗುಟ್ಟಾಗಿ ಸಾಲುಸಾಲು ಕೊಲೆ ಮಾಡಿದವನು. ಈಗ ಎರಡು ವರ್ಷದಿಂದ ನಿಲ್ಲಿಸಿದ್ದಾನೆ.

ಸನ್ಮಾನ ಮುಗಿಯಿತು. ಕಾರಿನಲ್ಲಿ ಮನೆಗೆ ಹೊರಟಿದ್ದಾನೆ. ಪಕ್ಕದಲ್ಲಿ ಹೆಂಡತಿ ಎಮ್ಮಾ. ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಕೂತಿದ್ದಾನೆ. ಹೆಸರು ಮಾರ್ಷಲ್. ಅವನು ಬ್ರೂಕ್ಸ್‌ಗೆ ಕಾಣುತ್ತಾನೆ, ನಮಗೆ ಕಾಣುತ್ತಾನೆ. ಎಮ್ಮಾಗೆ ಕಾಣುವುದಿಲ್ಲ. ಇದೇ ಈ ಸಿನಿಮಾದ ಅಸಲಿ ಕಸುಬು. ಬ್ರೂಕ್ಸ್‌ನ ಚಟಕ್ಕೆ ಕೈಕಾಲು ಕೊಟ್ಟು, ಕೋಟು ಹಾಕಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿಬಿಟ್ಟಿದ್ದಾರೆ. ಆ ಪಾತ್ರಕ್ಕೆ ವಿಲಿಯಂ ಹರ್ಟ್ ಅವರನ್ನು ಹಾಕಿದ್ದಾರೆ.

ಮಾರ್ಷಲ್ ಕೋರೆಹಲ್ಲು ಬಿಟ್ಟುಕೊಂಡು ಬರುವುದಿಲ್ಲ. ಗದರಿಸುವುದೂ ಇಲ್ಲ. ಹಳೇ ಗೆಳೆಯನ ಹಾಗೆ ಸಲುಗೆಯಿಂದ ಮಾತಾಡುತ್ತಾನೆ. ಜೋಕು ಹೊಡೆಯುತ್ತಾನೆ. ಇಬ್ಬರೂ ಸೇರಿ ನಗುತ್ತಾರೆ. ನಡೀ, ಇವತ್ತೊಂದು ದಿನ, ನೀನೂ ಎಷ್ಟು ಒಳ್ಳೆಯವನಾಗಿದ್ದೆ, ನಿನಗೂ ಒಂದು ಸಂತೋಷ ಬೇಡವಾ ಅನ್ನುವ ಧಾಟಿ. ಬ್ರೂಕ್ಸ್ ಬಾಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಾನೆ. ಬದಲಾಯಿಸಲು ಆಗದ್ದನ್ನು ಒಪ್ಪಿಕೊಳ್ಳುವ ಶಾಂತಿ ಕೊಡು ದೇವರೇ, ಅಂತ ಶುರುವಾಗುವ ಪ್ರಾರ್ಥನೆ. ಕುಡಿತ ಬಿಡುವವರ ಸಂಘ, ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ನಾವು ಎಎ ಅನ್ನುವ ಗುಂಪಿನ ಸಭೆಗಳಲ್ಲಿ ಹೇಳುವ ಪ್ರಾರ್ಥನೆ ಅದು.

ವ್ಯಸನದ ವಾರ್ಡಿನಲ್ಲಿ ಚಿಕಿತ್ಸೆ ಕೊಡುತ್ತಾ ಕೂತು ಕೂತು ನನಗೆ ಈ ಮಾರ್ಷಲ್ ತುಂಬಾ ಪರಿಚಯ. ಬರುವವರೆಲ್ಲ ಇವನನ್ನೇ ಕರೆದುಕೊಂಡು ಬರುತ್ತಾರೆ. ಒಬ್ಬರಿಗೆ ಇವನು, "ಮಗಳ ಮದುವೆ ಮುಗೀತು, ಇನ್ನೇನು ಭಯ" ಅನ್ನುತ್ತಾನೆ. ಇನ್ನೊಬ್ಬರಿಗೆ, "ಬಿಯರ್ ಅಷ್ಟೇ ತಾನೇ" ಅನ್ನುತ್ತಾನೆ. ಇಸ್ಪೀಟು ಆಡುವವರಿಗೆ, "ಹೋದ ದುಡ್ಡು ವಾಪಸ್ ತಗೊಂಡು ಎದ್ದುಬಿಡು" ಅನ್ನುತ್ತಾನೆ. ಎಲ್ಲ ನಮ್ಮದೇ ದನಿ. ಅದಕ್ಕೇ ನಂಬುತ್ತೇವೆ.

ಇಲ್ಲಿ ನಮ್ಮ ಅಜ್ಜಿಮನೆಯ ಒಂದು ಕಥೆ ಹೇಳಲೇಬೇಕು. ಹೇಳಬೇಡ, ಉದ್ದ ಆಗುತ್ತೆ ಅಂತ ಮನೆಯಾಕೆ ಎಚ್ಚರಿಸಿಯೇ ಕಳಿಸಿದ್ದಾಳೆ. ಆದರೂ ಹೇಳುತ್ತೇನೆ.

ಮಲೆನಾಡಿನಲ್ಲಿ ಅಡಿಕೆ ತೋಟದ ಮನೆ. ನನ್ನ ಸೋದರಮಾವ ಕವಳ ಹಾಕುತ್ತಿದ್ದ. ಬರೀ ಎಲೆ ಅಡಿಕೆ ಅಲ್ಲ, ಹೊಗೆಸೊಪ್ಪು ಸೇರಿಸಿ. ಬೆಳಗ್ಗೆ ಹಲ್ಲುಜ್ಜುವುದಕ್ಕೂ ಮುಂಚೆ ಶುರು. ಒಂದು ದಿನ ನಾಲಿಗೆಯ ಪಕ್ಕ ಬಿಳೀ ಕಲೆ ಕಂಡಿತು. ಡಾಕ್ಟರು, ಇವತ್ತೇ ಬಿಡಬೇಕು ಅಂದರು. ಮಾವ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಟ್ಟು ಬಿಟ್ಟ. ನಿಜವಾಗಿಯೂ ಬಿಟ್ಟ. ಎರಡು ವರ್ಷ. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ಮದುವೆ ಮನೆಗಳಲ್ಲಿ ಅತ್ತೆ ಅವನ ಪಾಲಿನ ಎಲೆಯನ್ನು ಪಕ್ಕದವರಿಗೆ ಕೊಟ್ಟು ಬೀಗುತ್ತಿದ್ದಳು.

ಆಮೇಲೆ ಒಂದು ಕೊಯ್ಲಿನ ಸಮಯ. ಅಂಗಳದಲ್ಲಿ ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ. ಗ್ಯಾಸ್‌ಲೈಟ್ ಉರಿಯುತ್ತಿದೆ. ಒಲೆಯ ಮೇಲಿನ ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ. ಸುಲಿಯುವವರೆಲ್ಲ ನಿದ್ದೆ ತಡೆಯಲು ಕವಳ ಜಗಿಯುತ್ತಿದ್ದಾರೆ. ಅಜ್ಜಿ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾಳೆ. ಅಜ್ಜಿಗೆ ಆಗ ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು.

ಮಾವ ದನಗಳಿಗೆ ಹುಲ್ಲು ಹಾಕಿ ಬರ್ತೀನಿ ಅಂತ ಎದ್ದು ಕೊಟ್ಟಿಗೆಗೆ ಹೋದ. ಸ್ವಲ್ಪ ಹೊತ್ತಾಯಿತು. ಕೊಟ್ಟಿಗೆಯಿಂದ ಒಂದು ಸಣ್ಣ ಸದ್ದು. ಟಿಕ್. ನಮಗ್ಯಾರಿಗೂ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು. ಅದು ಮಾವನ ಹಿತ್ತಾಳೆ ಸುಣ್ಣದ ಡಬ್ಬಿ. ಅದರ ಮುಚ್ಚಳ ಹಾಗೆಯೇ ಟಿಕ್ ಅನ್ನುವುದು, ಬೇರೆ ಯಾವ ಡಬ್ಬಿಯೂ ಹಾಗೆ ಅನ್ನುವುದಿಲ್ಲ. ಎರಡು ವರ್ಷ ಆ ಡಬ್ಬಿ ಅಟ್ಟದ ಮೇಲಿತ್ತು. ಅಟ್ಟದ ಮೇಲಿದ್ದದ್ದು ಕೊಟ್ಟಿಗೆಗೆ ನಡೆದುಕೊಂಡು ಬರುತ್ತದಾ?

ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಅಪ್ಪೀ, ಕೊಟ್ಟಿಗೇಲಿ ಯಾರಿದಾರೋ?"

"ನಾನೊಬ್ನೇ ಅಮ್ಮಾ."

"ಮತ್ತೆ ಮಾತು ಕೇಳ್ತಿದೆಯಲ್ಲೋ."

ಮಾವ ಹೊರಗೆ ಬಂದ. ಬಾಯಲ್ಲಿ ಇನ್ನೂ ಹಾಕಿರಲಿಲ್ಲ, ಅಂಗೈಯಲ್ಲಿತ್ತು. ಅವತ್ತು ಅಷ್ಟು ಜನರ ಎದುರಿಗೇ ಹೇಳಿಬಿಟ್ಟ. ಅವನ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಅಮ್ಮಾ, ಒಳಗೊಬ್ಬ ಇದಾನೆ. ಒಂದೇ ಒಂದು ಎಸಳು ಅಂದ. ಬೇಡ ಅಂದೆ. ಸರಿ ಬಿಡು, ಡಬ್ಬಿ ಅಟ್ಟದಿಂದ ಇಳ್ಸು, ಸುಮ್ನೆ ನೋಡು ಅಂದ. ನೋಡಿದೆ. ಮೂಸು ಅಂದ."

ಅಜ್ಜಿ ಬೈಯಲಿಲ್ಲ. ಆಣೆ ಮಾತು ಎತ್ತಲಿಲ್ಲ. "ಅವನ್ನೂ ಕರ್ಕೊಂಡು ಬಾ, ಇಬ್ರಿಗೂ ಕಾಫಿ ಕೊಡ್ತೀನಿ" ಅಂದಳು.

ಅಂಗಳದಲ್ಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕ. ಅಂಗೈಯಲ್ಲಿದ್ದದ್ದು ಬೂದಿಗುಂಡಿಗೆ ಹೋಯಿತು. ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ನಾನು ಮಾಡಿಲ್ಲ. ಮಾವ ಆಮೇಲೆ ಮೂರು ಸಲ ಜಾರಿದ. ಮೂರು ಸಲವೂ ತಾನಾಗಿ ಬಂದು ಹೇಳಿದ.

ಈಗ ವಾಪಸ್ ಬ್ರೂಕ್ಸ್ ಹತ್ತಿರ ಬನ್ನಿ. ಅವನೂ ಎಎ ಸಭೆಗೆ ಹೋಗುತ್ತಾನೆ. ಎದ್ದು ನಿಂತು, ನನ್ನ ಹೆಸರು ಅರ್ಲ್, ನಾನು ಚಟಗಾರ ಅನ್ನುತ್ತಾನೆ. ಯಾವ ಚಟ ಅಂತ ಹೇಳುವುದಿಲ್ಲ. ಹೇಗೆ ಹೇಳಿಯಾನು! 1935ರಲ್ಲಿ ಆಕ್ರನ್ ಅನ್ನುವ ಊರಿನಲ್ಲಿ ಇಬ್ಬರು ಕುಡುಕರು ಸೇರಿ ಶುರುಮಾಡಿದ ಸಂಘ ಅದು. ಅವರ ದಾರಿಯಲ್ಲಿ ಹನ್ನೆರಡು ಮೆಟ್ಟಿಲು. ಐದನೆಯದು, ನಮ್ಮ ತಪ್ಪು ಏನು ಅನ್ನುವುದನ್ನು ದೇವರಿಗೆ, ನಮಗೆ, ಮತ್ತೆ ಇನ್ನೊಬ್ಬ ಮನುಷ್ಯನಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು. ಬ್ರೂಕ್ಸ್ ಆ ಮೆಟ್ಟಿಲು ಹಾರಿಬಿಟ್ಟಿದ್ದಾನೆ. ಪ್ರಾರ್ಥನೆ ಇದೆ, ಸಭೆ ಇದೆ, ಕುರ್ಚಿ ಇದೆ. ಹಿಂದಿನ ಸೀಟಿನಲ್ಲಿ ಯಾರಿದ್ದಾನೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ಅವನ ಮನೆಯಲ್ಲಿ ಮಡಕೆ ಸುಡುವ ಒಲೆಯೊಂದಿದೆ. ಮಣ್ಣಿನ ಕೆಲಸ ಅವನ ಹವ್ಯಾಸ. ಕೊಲೆ ಮಾಡಿ ಬಂದು ಗುರುತುಗಳನ್ನೆಲ್ಲ ಅದೇ ಒಲೆಗೆ ಹಾಕುತ್ತಾನೆ. ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವವರನ್ನು ನೋಡಿದ್ದೀರಲ್ಲ, ಅದೇ ಜಾತಿ.

ಇನ್ನೊಂದು ಹಳೇ ಸಿನಿಮಾ. 1931, ಬರ್ಲಿನ್. ಹೆಸರು ಒಂದೇ ಅಕ್ಷರ, 'ಎಂ'. ಫ್ರಿಟ್ಜ್ ಲಾಂಗ್ ಅವರ ಮೊದಲ ಮಾತಿನ ಚಿತ್ರ. ಮಕ್ಕಳನ್ನು ಕೊಲ್ಲುವ ಹಾನ್ಸ್ ಬೆಕರ್ಟ್ ಅನ್ನುವವನ ಕಥೆ. ನಟ ಪೀಟರ್ ಲೋರಿ. ಗೀಳು ಮೈಯೇರಿದಾಗ ಇವನ ಬಾಯಿಂದ ತಾನಾಗಿ ಒಂದು ಶಿಳ್ಳೆ ಬರುತ್ತದೆ. ಗ್ರೀಗ್ ಅನ್ನುವ ನಾರ್ವೆಯ ಸಂಗೀತಗಾರರ ಮಟ್ಟು. ಇವನನ್ನು ಹಿಡಿದುಕೊಟ್ಟದ್ದು ಯಾರು ಗೊತ್ತಾ? ಪೊಲೀಸರಲ್ಲ. ಬೀದಿಯಲ್ಲಿ ಬಲೂನು ಮಾರುವ ಒಬ್ಬ ಕುರುಡ. ಆ ಶಿಳ್ಳೆಯನ್ನು ಮುಂಚೆ ಒಂದು ಸಲ ಕೇಳಿದ್ದ. ಮತ್ತೆ ಕೇಳಿದ ತಕ್ಷಣ ಗುರುತು ಹಿಡಿದ. ಮೊದಲ ಸಲ ಈ ದೃಶ್ಯ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಮ್ಮಜ್ಜಿ!

ಲೋರಿಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲವಂತೆ. ಆ ಶಿಳ್ಳೆ ತನ್ನದೇ ಅಂತ ಲಾಂಗ್ ಹೇಳಿಕೊಂಡಿದ್ದಾರೆ. ಬಾಯಿ ಒಬ್ಬರದು, ಶಿಳ್ಳೆ ಇನ್ನೊಬ್ಬರದು. ಬೇಕೆಂದೇ ಮಾಡಿದ್ದರೂ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ.

ಅದರಲ್ಲಿ ಒಂದು ದೃಶ್ಯ. ಬೆಕರ್ಟ್ ಅಂಗಡಿಯ ಗಾಜಿನ ಮುಂದೆ ನಿಂತಿದ್ದಾನೆ. ಒಳಗೆ ಸಾಲಾಗಿ ಚಾಕುಗಳು. ಅವುಗಳ ನಡುವೆ ಕನ್ನಡಿ. ಅದರಲ್ಲಿ ಒಂದು ಮಗುವಿನ ಬಿಂಬ. ಅಷ್ಟೇ, ಮುಖದ ಕಳೆ ಬದಲಾಗುತ್ತದೆ. ಮಗು ಅಮ್ಮನ ಜೊತೆ ಹೊರಟುಹೋದ ಮೇಲೆ ಇವನು ಹೋಟೆಲಿನಲ್ಲಿ ಕೂತು ಬ್ರಾಂಡಿ ಕುಡಿಯುತ್ತಾನೆ. ಒಂದಾದ ಮೇಲೆ ಇನ್ನೊಂದು. ಎರಡೂ ಕೈಯನ್ನು ಮುಷ್ಟಿ ಮಾಡಿ ತಲೆಗೆ ಒತ್ತಿಕೊಳ್ಳುತ್ತಾನೆ. ಶಿಳ್ಳೆ ನಿಲ್ಲುವುದಿಲ್ಲ. ಕೈ ಕಿವಿ ಮುಚ್ಚಬಹುದು, ಒಳಗಿನದ್ದಕ್ಕೆ ಏನು ಮುಚ್ಚುವುದು?

ಕೊನೆಗೆ ಊರಿನ ಕಳ್ಳರೇ ಅವನನ್ನು ಹಿಡಿದು ವಿಚಾರಣೆ ಮಾಡುತ್ತಾರೆ. ಎಲ್ಲಿ ಅಂದರೆ, ಪಾಳುಬಿದ್ದ ಒಂದು ಸಾರಾಯಿ ಕಾರ್ಖಾನೆಯಲ್ಲಿ. ಅಲ್ಲಿ ಬೆಕರ್ಟ್ ಕಿರುಚುತ್ತಾನೆ. ನೀವು ಬೇಕಾದರೆ ಕಳ್ಳತನ ಬಿಟ್ಟು ಬೇರೆ ಕಸುಬು ಕಲಿಯಬಹುದು, ನನಗೆ ಬಿಡುಗಡೆ ಎಲ್ಲಿದೆ, ಬೀದಿಯಲ್ಲಿ ನಡೆಯುವಾಗ ಯಾರೋ ಹಿಂದೆ ಬರುತ್ತಾರೆ, ತಿರುಗಿ ನೋಡಿದರೆ ಅದು ನಾನೇ, ಅಂತ. ಕೂತ ಕಳ್ಳರಲ್ಲಿ ಕೆಲವರು ತಲೆಯಾಡಿಸುತ್ತಾರೆ. ಅವರಿಗೆ ಗೊತ್ತು. ಆ ಪಾತ್ರ ಮಾಡಿದ ಲೋರಿಯವರೂ ಬದುಕಿನಲ್ಲಿ ವರ್ಷಗಟ್ಟಲೆ ಮಾರ್ಫಿನ್ ಚಟದ ಜೊತೆ ಗುದ್ದಾಡಿದವರು.

ಗಾಜಿನ ಆ ಕಡೆಯಿಂದ ಕೈಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷವಂತೆ. ನೋಡಿ, ಹೇಳಬೇಕಾದ್ದು ಇನ್ನೂ ಮೂರು ಇತ್ತು. ಬೇಗ ಬೇಗ ಹೇಳುತ್ತೇನೆ.

ಮಜಾಕ್ಕೆ ಕುಡೀತಾನೆ ಅನ್ನುವವರಿಗೆ ನನ್ನದೊಂದು ಮಾತು. ಮಿದುಳಿನಲ್ಲಿ 'ಇಷ್ಟ' ಬೇರೆ, 'ಬೇಕು' ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಚಟ ಹಳೆಯದಾದಷ್ಟೂ ಇಷ್ಟ ಸಾಯುತ್ತದೆ, ಬೇಕು ಬೆಳೆಯುತ್ತದೆ. ಬ್ರೂಕ್ಸ್ ಕೂಡ ಖುಷಿಗೆ ಕೊಲ್ಲುವುದಿಲ್ಲ ಅಂತ ಬಾಯಿಬಿಟ್ಟೇ ಹೇಳುತ್ತಾನೆ. ಮನಸ್ಸು ಮಾಡಿದ್ರೆ ಬಿಡಬಹುದಪ್ಪ ಅನ್ನುವವರು ದಯವಿಟ್ಟು ಸ್ವಲ್ಪ ಸುಮ್ಮನಿರಿ. ಮನಸ್ಸಿನೊಳಗೇ ಇಬ್ಬರಿದ್ದಾರೆ ಅಂತ ತಾನೇ ಇಷ್ಟು ಹೊತ್ತಿನಿಂದ ಹೇಳುತ್ತಿರುವುದು!

ಎರಡನೆಯದು, ಬ್ರೂಕ್ಸ್‌ಗೆ ತನ್ನ ಮಗಳಿಗೂ ಇದು ಬಂದಿದೆಯೇನೋ ಅನ್ನುವ ಭಯ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕುಡಿಯುವವರ ಮಕ್ಕಳ ಎದುರಿಗೆ ಆ ಗಾದೆ ಹೇಳಬೇಡಿ. ನನಗೆ ಸಿಟ್ಟು ಬರುತ್ತದೆ. ಮೂರನೆಯದು, ಬಯಕೆ ಅಲೆಯ ಹಾಗೆ. ಏರುತ್ತದೆ, ಕಾಲು ಗಂಟೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಯಾರ ಜೊತೆಗಾದರೂ ಜೋರಾಗಿ ಮಾತಾಡಿ. ಮನೆಯಲ್ಲಿ ಅಂಥ ಅಜ್ಜಿ ಇಲ್ಲದಿದ್ದರೆ 14446ಕ್ಕೆ ಫೋನ್ ಮಾಡಿ, ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ವಿಭಾಗ ಇದೆ. ಒಳಗಿನವನು ಏನಂದ ಅನ್ನುವುದನ್ನು ಅವನ ಮಾತಿನಲ್ಲೇ ಹೇಳಿ. ನಾಚಿಕೆ ಬೇಡ. ನಿಮ್ಮದೇ ದನಿಯಲ್ಲಿ ಮಾತಾಡುತ್ತಾನೆ ಅಂತ ನಾಲ್ಕನೇ ಸಲ ಹೇಳಿದೆ.

ಬರುವಾಗ ಒಂದು ವಸ್ತು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೇನೆ. ಮಾವ ತೀರಿಕೊಂಡ ಮೇಲೆ ಅತ್ತೆ ನನಗೆ ಕೊಟ್ಟದ್ದು. ಹಿತ್ತಾಳೆಯದು, ಅಂಚು ಸ್ವಲ್ಪ ನೆಗ್ಗಿದೆ, ಒಳಗೆ ಸುಣ್ಣ ಒಣಗಿ ಬೆಳ್ಳಗಿದೆ. ಮೈಕಿನ ಹತ್ತಿರ ಹಿಡಿಯುತ್ತೇನೆ. ಒಲೆ ಮೇಲೆ ಏನಾದರೂ ಇದ್ದರೆ ಒಂದು ಕ್ಷಣ ಉರಿ ಸಣ್ಣ ಮಾಡಿ, ತುಂಬಾ ಸಣ್ಣ ಸದ್ದು.

ಟಿಕ್.

ಕೇಳಿಸಿತಾ? ನಮಸ್ಕಾರ.