ಕಂಬಳಿನೂ ತಾನಾಗೇ ಬಂತೇನ್ಲಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಿಂತು ಮಾತಾಡುವಾಗ ನೀರಿನಿಂದಲೇ ಶುರು ಮಾಡಬೇಕು, ಅಲ್ವಾ?

ನಾನು ಪಿಯುಸಿ ಓದುತ್ತಿದ್ದಾಗಿನ ಮಾತು. ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ನಮ್ಮ ಕಬ್ಬಿನ ಗದ್ದೆ. ಕಟ್ಟು ನೀರು ಬಿಟ್ಟಿದ್ದರು, ನಮ್ಮ ಸರದಿ ರಾತ್ರಿ ಬಂತು. ಡಿಸೆಂಬರ್ ಚಳಿ. ಬದುವಿನ ಮೇಲೆ ಕೂತೆ, ಕಂಬಳಿ ಹೊದ್ದೆ, ನಿದ್ದೆ ಹತ್ತಿತು. ಬೆಳಗ್ಗೆ ನೋಡಿದರೆ ನೀರು ಬದು ಹಾರಿ ಕೆಳಗಿನ ಗದ್ದೆಗೆ ನುಗ್ಗಿದೆ. ಅಲ್ಲಿ ಕುಯ್ದು ಹಾಕಿದ್ದ ಭತ್ತದ ಅರಿಗಳು ನೀರಲ್ಲಿ ಮಲಗಿವೆ. ಗದ್ದೆ ಮಾವನದು. ಸಂಬಂಧ ಏನಿಲ್ಲ, ಊರಲ್ಲಿ ಹಾಗೆ ಕರೆಯುತ್ತೇವೆ. "ನಿದ್ದೆ ಬಂದ್ಬುಡ್ತು ಮಾವ, ನಾನೇನ್ ಮಾಡ್ಲಿ?" ಅಂದೆ. "ನಿದ್ದೆ ತಾನಾಗೇ ಬಂತು, ಒಪ್ಕಂಡೆ. ಕಂಬಳಿನೂ ತಾನಾಗೇ ಬಂತೇನ್ಲಾ?" ಅಂದರು.

ಮುಂದೆ ತತ್ವಶಾಸ್ತ್ರ ಓದಿದೆ, ಪಾಠವನ್ನೂ ಮಾಡಿದೆ. ಇಷ್ಟು ನೇರವಾದ ಪ್ರಶ್ನೆ ಜಾಸ್ತಿ ಸಿಗಲಿಲ್ಲ.

"ಹೌದು, ಕಂಬಳಿನೂ ತಾನಾಗೇ ಬಂತು" ಅನ್ನುವ ಒಬ್ಬನಿದ್ದ. ಬುದ್ಧ, ಮಹಾವೀರರ ಕಾಲದ ಮಕ್ಖಲಿ ಗೋಶಾಲ, ಆಜೀವಿಕರು ಅನ್ನುವ ಪಂಥದ ಗುರು. ಎಲ್ಲವೂ ನಿಯತಿ, ಮನುಷ್ಯನ ಪ್ರಯತ್ನದಿಂದ ಆಗುವುದು ಏನೂ ಇಲ್ಲ ಅಂದ. ದಾರದ ಉಂಡೆ ಎಸೆದರೆ ದಾರ ಮುಗಿಯುವ ತನಕ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗೇ ದಡ್ಡನೂ ಜಾಣನೂ 84 ಲಕ್ಷ ಮಹಾಕಲ್ಪ, ಅಂದರೆ ಊಹೆಗೂ ಸಿಗದಷ್ಟು ಕಾಲ, ಸುತ್ತಿದ ಮೇಲೇ ಬಿಡುಗಡೆ. ನಮ್ಮ ಕರ್ಮದ ಮಾತು ಬೇರೆ. ಹಿಂದೆ ನೀನೇ ಮಾಡಿದ್ದು, ಈಗ ಉಣ್ಣು ಅಂತ ಅದು ಹೊಣೆಯನ್ನು ನಮ್ಮ ತಲೆಗೇ ಕಟ್ಟುತ್ತದೆ. ಗೋಶಾಲ ಆ ಗಂಟನ್ನೂ ಬಿಚ್ಚಿ ಎಸೆದ. ಪಾಪ, ಅವನ ಮಾತು ನಮಗೆ ಸಿಗುವುದು ಬರೀ ಎದುರಾಳಿಗಳ ಬಾಯಲ್ಲಿ.

ಎದುರಾಳಿಗಳ ಕಥೆಯೂ ಸೊಗಸಾಗಿದೆ. ಜೈನರ ಉಪಾಸಕದಶಾ ಆಗಮದಲ್ಲಿ ಸದ್ದಾಲಪುತ್ತ ಅಂತ ಒಬ್ಬ ಕುಂಬಾರ, ಗೋಶಾಲನ ಭಕ್ತ. ಈ ಮಡಕೆಗಳು ನಿನ್ನ ಪ್ರಯತ್ನದಿಂದ ಆದವಾ ಅಂತ ಮಹಾವೀರ ಕೇಳುತ್ತಾನೆ. ಇಲ್ಲ, ಎಲ್ಲ ಮೊದಲೇ ನಿಗದಿಯಾಗಿದ್ದು ಅನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ಬಂದು ಇವನ್ನು ಒಡೆದರೆ? ಬೈತೀನಿ, ಹೊಡಿತೀನಿ! ಅಲ್ಲಪ್ಪಾ, ಪ್ರಯತ್ನ ಅನ್ನೋದೇ ಇಲ್ಲ ಅಂದ ಮೇಲೆ ಅವನು ಒಡೆದ ಅನ್ನೋದು ಹೇಗೆ? ಕುಂಬಾರ ಸುಮ್ಮನಾದ.

1814ರಲ್ಲಿ ಫ್ರಾನ್ಸಿನ ಲಾಪ್ಲಾಸ್ ಅದೇ ದಾರದ ಉಂಡೆಗೆ ಗಣಿತದ ಅಂಗಿ ತೊಡಿಸಿದ. ಜಗತ್ತಿನ ಒಂದೊಂದು ಕಣದ ಜಾಗ, ಅದರ ಮೇಲಿನ ಬಲ ಎಲ್ಲ ತಿಳಿದ ಬುದ್ಧಿಯೊಂದಿದ್ದರೆ ಅದಕ್ಕೆ ನಾಳೆಯೂ ನಿನ್ನೆಯಷ್ಟೇ ಸ್ಪಷ್ಟ ಅಂದ. 1983ರಲ್ಲಿ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಪ್ರಯೋಗ ಮಾಡಿದ. ಕೈ ಆಡಿಸಬೇಕು ಅಂತ ನಮಗೆ ಅನ್ನಿಸುವ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗದಷ್ಟು ಮೊದಲೇ ಮಿದುಳಲ್ಲಿ ಚಟುವಟಿಕೆ ಶುರುವಾಗಿತ್ತು. ಮುಗಿಯಿತು, ಆಯ್ಕೆಯ ಸ್ವಾತಂತ್ರ್ಯ ಸುಳ್ಳು ಅಂತ ಎಷ್ಟೋ ಜನ ಕುಣಿದರು. ನನಗೇನೋ ಇದು ಅವಸರ ಅನ್ನಿಸುತ್ತದೆ. ಸುಮ್ನೆ ಕೈ ಆಡಿಸುವುದೇ ಬೇರೆ. ಕಂಬಳಿ ಒಯ್ಯಲೋ ಬೇಡವೋ ಅಂತ ಸಂಜೆಯಿಂದ ತೂಗುವುದೇ ಬೇರೆ.

ನನಗೆ ಹೆಚ್ಚು ಹಿಡಿಸಿದವನು ಇಂಗ್ಲೆಂಡಿನ ತತ್ವಜ್ಞಾನಿ ಪೀಟರ್ ಸ್ಟ್ರಾಸನ್. 1962ರಲ್ಲಿ ಅವನು ಹೇಳಿದ್ದು ಹೀಗೆ: ಸಿಟ್ಟು, ಉಪಕಾರಸ್ಮರಣೆ ಇವೆಲ್ಲ ಯಾವ ಸಿದ್ಧಾಂತದಿಂದಲೂ ಹುಟ್ಟಿದ್ದಲ್ಲ. ಒಟ್ಟಿಗೆ ಬದುಕುವುದು ಅಂದರೇ ಅವು. ಕುಂಬಾರನ ಸಿಟ್ಟು ಅಂಥದ್ದು. ಆದರೆ ನಾವು ಎಲ್ಲರ ಮೇಲೂ ಸಿಟ್ಟಾಗುವುದಿಲ್ಲ. ಮಗು ಮಡಕೆ ಒಡೆದರೆ ಬಿಡುತ್ತೇವೆ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನನ್ನೂ ಬಿಡುತ್ತೇವೆ. ಕಾನೂನೂ ಹಾಗೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ. 23ನೇ ಕಲಂ ಕುಡಿತದ್ದು. ಗೊತ್ತಿಲ್ಲದೆಯೋ ಬಲವಂತದಿಂದಲೋ ಯಾರಾದರೂ ಕುಡಿಸಿ ಪ್ರಜ್ಞೆ ತಪ್ಪಿಸಿದ್ದರೆ ವಿನಾಯಿತಿ ಉಂಟು. ತಾನಾಗಿ ಕುಡಿದವನಿಗೆ ಆ ವಿನಾಯಿತಿ ಇಲ್ಲ. ನೋಡಿ, ಮಾವ ಕೇಳಿದ್ದೂ ಇದನ್ನೇ. ನಿದ್ದೆಗೆ ಮಾಫಿ ಇರಬಹುದು, ಕಂಬಳಿ ಯಾರು ತಂದದ್ದು?

ಗೋಶಾಲ ಇಷ್ಟಕ್ಕೆ ಬಿಡುವವನಲ್ಲ. ಕಂಬಳಿಗೂ ಕಾರಣ ಇತ್ತಲ್ಲ? ಚಳಿ ಇತ್ತು, ಹೊರಡುವಾಗ ಅವ್ವ ಹೆಗಲಿಗೆ ಹಾಕಿದ್ದಳು. ನಿಜ, ದಾರ ಎಳೆದಷ್ಟೂ ಬರುತ್ತದೆ. ಆದರೆ ಕಾರಣ ಇತ್ತು ಅಂದ ಮಾತ್ರಕ್ಕೆ ನಾನು ತಪ್ಪಿಸಿಕೊಳ್ಳಲಾರೆ. ಬೆಚ್ಚಗಾದರೆ ನಿದ್ದೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊದ್ದೆ.

ನನ್ನನ್ನು ಕಾಡುವುದು ಇನ್ನೊಂದು. ಮಾರನೇ ರಾತ್ರಿ ಮೇಲಿನ ಗದ್ದೆಯ ಹುಡುಗನೂ ಹೀಗೇ ಮಲಗಿಬಿಟ್ಟ. ಅವನ ನೀರು ಹಳ್ಳ ಸೇರಿತು. ಯಾರೂ ಒಂದು ಮಾತು ಕೇಳಲಿಲ್ಲ. ತಪ್ಪು ಒಂದೇ, ಅದೃಷ್ಟ ಬೇರೆ. ತತ್ವಜ್ಞಾನಿಗಳಾದ ಥಾಮಸ್ ನೇಗಲ್, ಬರ್ನಾರ್ಡ್ ವಿಲಿಯಮ್ಸ್ ಇಬ್ಬರೂ 1976ರಲ್ಲಿ ಈ ಮುಳ್ಳನ್ನೇ ಎತ್ತಿ ತೋರಿಸಿದರು. ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ.

ಅವ್ವನೂ ನಾನೂ ಎರಡು ದಿನ ಮಾವನ ಗದ್ದೆಯ ಅರಿ ತಿರುವಿ ಒಣಗಿಸಿದೆವು. ಮೂರನೇ ದಿನ ಮಾವ ಮನೆಗೇ ಬಂದು ಕಂಬಳಿ ಕೊಟ್ಟು ಹೋದರು. ನಾನು ಬದುವಿನ ಮೇಲೇ ಬಿಟ್ಟು ಬಂದಿದ್ದೆ.