ಅಮ್ಮನ ನೋಟ್‌ಬುಕ್ಕೂ ಆಟಿಯ ಕೂಟವೂ

ಎಲ್ಲರಿಗೂ ನಮಸ್ಕಾರ. ತೀರಿಹೋದ ಹಿರಿಯರ ನೆನಪನ್ನು ಹೇಗೆ ಉಳಿಸಿಕೊಳ್ಳಬಹುದು, ಅದರ ಬಗ್ಗೆ ಮಾತಾಡಿ ಅಂತ ಸಂಘದವರು ಕೇಳಿದರು. ನನಗೆ ಗೊತ್ತಿರುವುದು ನಮ್ಮ ಮನೆಯ ಸಂಗತಿ ಮಾತ್ರ. ಅಮ್ಮನ ಹೆಸರಲ್ಲಿ ಪ್ರತಿ ಮಳೆಗಾಲ ನಮ್ಮ ಚಾವಡಿಯಲ್ಲಿ ಒಂದು ತಾಳಮದ್ದಳೆ ನಡೆಯುತ್ತದೆ, ಅಂದರೆ ಹಾಡುವ ಭಾಗವತರ ಪದಕ್ಕೆ ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನ.

ಕೇರಳದ ಗಡಿಯ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಲ್ಲಿ ‘ಗಿಳಿವಿಂಡು’ ಸ್ಮಾರಕ ಇದೆ. ರಾಷ್ಟ್ರಕವಿಗೆ ಅದು ಸಲ್ಲಬೇಕಾದದ್ದೇ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸಿಗೆ ಸ್ಮಾರಕ ಯಾರು ಕಟ್ಟುತ್ತಾರೆ? ಸಭೆ ಮಾಡೋಣ, ನಾಲ್ಕು ಜನರಿಗೆ ಶಾಲು ಹೊದಿಸೋಣ ಅಂದರು ನೆಂಟರು. ನನಗೆ ಶಾಲು ಕಂಡರಾಗದು. ಇವತ್ತು ನೀವು ಹೊದಿಸಿದ್ದೀರಿ, ಅದು ಬೇರೆ ಮಾತು.

ಮಂಗಳೂರು ಆಕಾಶವಾಣಿಯಲ್ಲಿ ಯಕ್ಷಗಾನ ಬಂತೆಂದರೆ ಅಮ್ಮನ ತಡ್ಪೆ, ಬೀಡಿ ಕಟ್ಟುವ ಮೊರ, ರೇಡಿಯೋದ ಪಕ್ಕಕ್ಕೆ ಹೋಗುತ್ತಿತ್ತು. ಕೈ ಬೀಡಿ ಸುರುಟುತ್ತಿತ್ತು, ಕಿವಿ ಅರ್ಥದಲ್ಲಿ. ಅವರು ಹೋದ ಮೇಲೆ ಕಪಾಟಿನಲ್ಲಿ ಒಂದು ಶಾಲೆಯ ನೋಟ್‌ಬುಕ್ ಸಿಕ್ಕಿತು. ಎಡಪುಟದಲ್ಲಿ ಪದದ ಮೊದಲ ಸಾಲು, ಪಕ್ಕದಲ್ಲಿ ಏಕ, ಝಂಪೆ, ಅಷ್ಟ ಅಂತ ತಾಳ. ಬಲಪುಟದಲ್ಲಿ ಅರ್ಥಧಾರಿಗಳ ಮೇಲೆ ಅಮ್ಮನ ತೀರ್ಪು! ‘ಇವರದ್ದು ಉದ್ದ ಜಾಸ್ತಿ.’ ವಾಲಿಯ ಹೆಂಡತಿಯ ಪಾತ್ರಕ್ಕೆ, ‘ತಾರೆ ಇಷ್ಟು ಅಳುವವಳಲ್ಲ.’ ವಾಲಿವಧೆಯ ಪುಟದಲ್ಲಿ, ‘ವಾಲಿ ಕೇಳಿದ್ದು ಸರಿ. ರಾಮನ ಉತ್ತರ ಸಾಲದು.’ ಹೊಲಿಗೆಯ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಇನ್ನೂ ಇತ್ತು.

ಇಷ್ಟು ತಿಳಿದವರು ಒಂದು ಸಲವೂ ಕೂಟದಲ್ಲಿ ಕೂತು ಅರ್ಥ ಹೇಳಲಿಲ್ಲ. ಆಗ ನಮ್ಮ ಊರಲ್ಲಿ ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಬೇಕಿತ್ತು. ಅದಕ್ಕೇ ನಮ್ಮ ಕೂಟಕ್ಕೆ ಒಂದೇ ನಿಯಮ ಇಟ್ಟೆವು. ಹಾಡು, ಮದ್ದಳೆಯ ಹಿಮ್ಮೇಳ ಬಲ್ಲವರದ್ದಾಗಲಿ, ಅರ್ಥಕ್ಕೆ ಮಾತ್ರ ಈವರೆಗೆ ಕೂರದವರೇ ಕೂರಬೇಕು.

ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ವೇಷ, ರಂಗಸ್ಥಳ ಬೇಡದ ತಾಳಮದ್ದಳೆಗೆ ಆಗ ಸುಗ್ಗಿ. ನಮ್ಮ ತುಳುವರ ಆಟಿ ತಿಂಗಳು ಬರುವ ಹೊತ್ತಿಗೇ ಮಲಯಾಳಿಗಳ ಕರ್ಕಾಟಕ ತಿಂಗಳು, ಅವರ ಮನೆಗಳಲ್ಲಿ ಎಳುತ್ತಚ್ಚನ್‌ನ ರಾಮಾಯಣ ಓದುತ್ತಾರೆ. ಒಂದು ವರ್ಷ ವಾಲಿವಧೆ ಇಟ್ಟಿದ್ದೆವು. ನೆರೆಮನೆಯ ಮಲಯಾಳಿ ಚೇಚಿ ಮೊದಲು ಬಂದು ವಾಲಿಯ ಭಾಗ ಸ್ವಲ್ಪ ಓದಿದರು. ಆಮೇಲೆ ಭಾಗವತರು ಕುಂಬಳೆಯ ಪಾರ್ತಿಸುಬ್ಬನ ಪದ ಎತ್ತಿದರು. ಎರಡು ಭಾಷೆಗೂ ಒಂದೇ ವಾಲಿ ಸತ್ತ. ಗಡಿ ಜಗಳ ಯಾರಿಗೂ ನೆನಪಾಗಲಿಲ್ಲ.

ರಾಮನಾಗಿದ್ದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅರ್ಥವನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಳು. ಕೆಲವು ಹಿರಿಯರಿಗೆ ಸಿಟ್ಟು ಬಂತು. ಸುಮ್ನಿರಿ ಅಂದೆ, ಮಾತು ಕನ್ನಡವೇ ಅಲ್ವಾ? ಅಲ್ಲದೆ ತಾಳಮದ್ದಳೆಯಲ್ಲಿ ಚೀಟಿ ಎಷ್ಟು ಹೊತ್ತು ಕಾಯುತ್ತದೆ? ಎದುರಿನವರು ಏನು ಕೇಳುತ್ತಾರೋ ಯಾರಿಗೆ ಗೊತ್ತು! ವಾಲಿ ನಮ್ಮ ನಿವೃತ್ತ ಅಂಗನವಾಡಿ ಟೀಚರ್. “ಮರೆಯಲ್ಲಿ ನಿಂತವನ ಬಾಯಲ್ಲಿ ಧರ್ಮವೇ?” ಅಂತ ಹಿಡಿದುಕೊಂಡರು. ಹುಡುಗಿ ಚೀಟಿ ಕೆಳಗಿಟ್ಟಳು. “ಸುಗ್ರೀವನಿಗೆ ಮಾತು ಕೊಟ್ಟಿದ್ದೆ. ಬಾಣ ಬಿಟ್ಟದ್ದು ನಾನೇ. ಈಗ ನಿನ್ನೆದುರು ನಿಂತಿದ್ದೇನೆ, ಕೇಳು” ಅಂದಳು. ಅಮ್ಮ ಇದನ್ನೂ ಸಾಲದು ಅನ್ನುತ್ತಿದ್ದರೇನೋ. ಆ ಹುಡುಗಿ ಈಗ ಅಮ್ಮನ ನೋಟ್‌ಬುಕ್ ಓದಲೆಂದೇ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ.

ನಿಮ್ಮ ಅಪ್ಪನಿಗೆ ಯಕ್ಷಗಾನ ಇಷ್ಟ ಇಲ್ಲದಿರಬಹುದು. ಅವರು ಬುಟ್ಟಿ ಹೆಣೆಯುತ್ತಿದ್ದರೋ, ಕಸಿ ಕಟ್ಟುತ್ತಿದ್ದರೋ, ಅದನ್ನೇ ನಾಲ್ಕು ಮಕ್ಕಳಿಗೆ ಕಲಿಸುವ ಏರ್ಪಾಡು ಮಾಡಿ. ಫ್ಲೆಕ್ಸಿನ ದುಡ್ಡು ಉಳಿಯುತ್ತದೆ. ನಮ್ಮಲ್ಲಿ ಆ ದುಡ್ಡಲ್ಲಿ ಇಬ್ಬರು ಹುಡುಗರು ಮದ್ದಳೆ ಕಲಿಯುತ್ತಿದ್ದಾರೆ.

ಈ ವರ್ಷದ ಪ್ರಸಂಗ ಅಂಗದ ಸಂಧಾನ. ಅಂಗದ ಸಿಕ್ಕಿದ್ದಾನೆ. ರಾವಣನಾಗಲು ಯಾರೂ ಒಪ್ಪುತ್ತಿಲ್ಲ. ಮನಸ್ಸಿದ್ದವರು ಊಟಕ್ಕೆ ಮೊದಲು ನನ್ನನ್ನು ಕಾಣಿ. ಸಂಭಾವನೆ ಇಲ್ಲ, ಪತ್ರೊಡೆ ಇದೆ.