ಕೋಡಿಯಮಠದ ಶಾಸನ ಓದದೆ ಬಳ್ಳಿಗಾವಿಯಿಂದ ಬರಬೇಡಿ

ನಮಸ್ಕಾರ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ದೇವಸ್ಥಾನ ನೋಡದೆ ಬರುವುದಿಲ್ಲ. ಮೂರು ಗರ್ಭಗುಡಿ, ಕಡೆದು ನಿಲ್ಲಿಸಿದ ಕಂಬಗಳು, ಪಕ್ಕದಲ್ಲೇ ಕೆರೆ. ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಆದರೆ ಇಲ್ಲಿ ಒಂದು ಮಠ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅದೇ ಕೋಡಿಯಮಠ. ಕಾಳಾಮುಖ ಅನ್ನೋ ಶೈವ ಪಂಥದ ಯತಿಗಳು ಇದ್ದ ಜಾಗ.

ದೇವಸ್ಥಾನ ಉಳಿದಿದೆ. ಯತಿಗಳು ಮಲಗುತ್ತಿದ್ದ ಕೋಣೆ, ಮಕ್ಕಳು ಪಾಠ ಕೇಳುತ್ತಿದ್ದ ಜಗಲಿ, ದೊಡ್ಡ ಅಡುಗೆಮನೆ, ಇವು ಯಾವುದೂ ಇವತ್ತು ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಮಠ ಹೇಗಿತ್ತು ಅಂತ ತಿಳಿಯುವುದು ಹೇಗೆ? 1162ರ ಶಾಸನ ಓದಿ.

ಆಗ ರಾಜ್ಯ ಆಳುತ್ತಿದ್ದವನು ಕಳಚುರಿ ಬಿಜ್ಜಳ. ಹೌದು, ಬಸವಣ್ಣನವರ ಕಾಲದ ಅದೇ ಬಿಜ್ಜಳ. ಮಠದ ಗುರು ವಾಮಶಕ್ತಿ. ಇಲ್ಲಿ ನಾಲ್ಕು ವೇದ ಓದಿಸುತ್ತಿದ್ದರು, ಪಾಣಿನಿಯ ವ್ಯಾಕರಣ ಹೇಳಿಕೊಡುತ್ತಿದ್ದರು ಅನ್ನುತ್ತದೆ ಶಾಸನ. ಅಷ್ಟಕ್ಕೇ ನಿಲ್ಲುವುದಿಲ್ಲ. ನ್ಯಾಯ, ಸಾಂಖ್ಯ ಅನ್ನೋ ತತ್ವಶಾಸ್ತ್ರಗಳ ಜೊತೆಗೆ ಬೌದ್ಧ ದರ್ಶನದ ಹೆಸರೂ ಆ ಪಟ್ಟಿಯಲ್ಲಿದೆ. ಯೋಚಿಸಿ, ಅಪ್ಪಟ ಶೈವ ಮಠದಲ್ಲಿ ಬೌದ್ಧರ ವಿಚಾರವನ್ನೂ ಕೂತು ಓದುತ್ತಿದ್ದರು! ಇದೇ ಊರಲ್ಲಿ ಬೌದ್ಧ ವಿಹಾರವೂ ಇತ್ತು, ಜೈನ ಬಸದಿಗಳೂ ಇದ್ದವು.

ನನಗೆ ತುಂಬಾ ಇಷ್ಟವಾಗುವುದು ಅದರ ಮುಂದಿನ ಸಾಲುಗಳು. ಇಲ್ಲಿ ಯಾರಿಗೆ ಊಟ ಹಾಕುತ್ತಿದ್ದರು ಅಂತ ಒಬ್ಬೊಬ್ಬರನ್ನೇ ಹೆಸರಿಸುತ್ತದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ಕೊಳಲು ಊದುವವರು, ಕುಣಿಯುವವರು. ಬೇರೆ ಬೇರೆ ಪಂಥದ, ಬೇರೆ ಬೇರೆ ನಾಡಿನ ಸನ್ಯಾಸಿಗಳು. ಆಮೇಲೆ ರೋಗಿಗಳ ಮಾತು ಬರುತ್ತದೆ: ಯಾರೂ ಇಲ್ಲದ ರೋಗಿಗಳಿಗೆ ಇಲ್ಲಿ ಔಷಧ ಕೊಡುತ್ತಿದ್ದರಂತೆ. ಸಕಲ ಜೀವಿಗಳಿಗೂ ಇದು ಅಭಯದ ಜಾಗ ಅಂತಲೂ ಬರೆಸಿದ್ದಾರೆ.

ಶಾಸನ ಅಂದಮೇಲೆ ಹೊಗಳಿಕೆ ಇರುತ್ತದೆ, ಒಪ್ಪುತ್ತೇನೆ. ಮಠಕ್ಕೆ ದಾನ ಕೊಡುವಾಗ ಬರೆಸಿದ್ದು ತಾನೇ. ಆದರೂ ಒಂದು ಮಠವನ್ನು ಹೊಗಳಬೇಕು ಅಂದಾಗ ಅವರು ಎತ್ತಿ ಹೇಳಿದ್ದು ಪಾಠ, ಊಟ, ಔಷಧ. ಬಂಗಾರದ ಕಳಸ ಅಲ್ಲ.

ನಮ್ಮಲ್ಲಿ ಹಳೆಯ ಕಟ್ಟಡ ಅಂದರೆ ಯಾವ ರಾಜ, ಯಾವ ಶೈಲಿ, ಎಷ್ಟು ಕಂಬ, ಇಷ್ಟೇ ಮಾತು ಜಾಸ್ತಿ. ಕಲ್ಲಿನ ಕೆಲಸ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಲ್ಲಿನ ನಡುವೆ ಕೂತು ಉಂಡವರೂ ಓದಿದವರೂ ಇತಿಹಾಸವೇ ಅಲ್ವಾ? ಈ ಊಟದ ಪಟ್ಟಿಯನ್ನು ಇವತ್ತಿನ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ದೇವಸ್ಥಾನದ ಬಾಗಿಲಲ್ಲೇ ನಿಲ್ಲಿಸಬೇಕು. ಶಾಲಾ ಪ್ರವಾಸಕ್ಕೆ ಬರುವ ಮಕ್ಕಳು ಒಳಗೆ ಹೋಗುವ ಮೊದಲು ಅದನ್ನು ಓದುವಂತಿರಬೇಕು. ಮೇಷ್ಟ್ರುಗಳೇ, ಬೋರ್ಡು ಬರುವವರೆಗೆ ನೀವೇ ಓದಿ ಹೇಳಿ.